ನಲವತ್ತೊಂದು ಸಲ ಸತ್ತ ವರ್ನನ್ ಪ್ರೂಯಿಟ್

ವರ್ನನ್ ಪ್ರೂಯಿಟ್ ಮೊದಲ ಸಲ ಸತ್ತಾಗ ಅವನಿಗೆ ಇಪ್ಪತ್ತಮೂರು ವರ್ಷ. ಕುದುರೆ, ಬಂದೂಕು, ಧೂಳು ಇಷ್ಟೇ ಇದ್ದ ಒಂದು ಟೀವಿ ಧಾರಾವಾಹಿಯಲ್ಲಿ ಹೆಂಡದಂಗಡಿಯ ಮಾಡಿನ ಮೇಲೆ ಅಡಗಿ ಕೂತಿದ್ದವನು ನಾಯಕನ ಗುಂಡು ತಿಂದು ಉರುಳಿದ. ಬೀಳಲಿ ಎಂದು ಕೆಳಗೆ ಹುಲ್ಲು ತುಂಬಿದ ಗಾಡಿ ನಿಲ್ಲಿಸಿದ್ದರು. ವರ್ನನ್ ಅದನ್ನು ಬಿಟ್ಟು ಪಕ್ಕದ ಕುದುರೆ ತೊಟ್ಟಿಗೆ ಬಿದ್ದ. ತೊಟ್ಟಿಯಲ್ಲಿ ನೀರಿರಲಿಲ್ಲ. ಎರಡು ಪಕ್ಕೆಲುಬು ಮುರಿದವು. ಆದರೂ ನಿರ್ದೇಶಕ ಸಾಕು ಎನ್ನುವವರೆಗೆ ಹೆಣ ತುಟಿ ಪಿಟಕ್ಕೆನ್ನಲಿಲ್ಲ. ಆ ಸಂಜೆಯೇ ಬರ್ಬ್ಯಾಂಕಿನ ಸ್ಟುಡಿಯೋಗಳಲ್ಲಿ ಸುದ್ದಿ ಹಬ್ಬಿತು: ನೆಬ್ರಾಸ್ಕಾದಿಂದ ಒಬ್ಬ ಬಂದಿದ್ದಾನೆ, ತುಂಬಾ ಚೆನ್ನಾಗಿ ಸಾಯುತ್ತಾನೆ.

ಒಂದು ಕೆಲಸ ಚೆನ್ನಾಗಿ ಮಾಡಿದವನಿಗೆ ಈ ಊರು ಬೇರೆ ಕೆಲಸ ಕೊಡುವುದಿಲ್ಲ. ಮುಂದಿನ ಮೂವತ್ತೆಂಟು ವರ್ಷಗಳಲ್ಲಿ ವರ್ನನ್ ಇನ್ನೂ ನಲವತ್ತು ಸಲ ಸತ್ತ. ಬಾಣಕ್ಕೆ ಸತ್ತ, ಬಾಂಬಿಗೆ ಸತ್ತ, ಅತ್ತೆ ಬಡಿಸಿದ ಸೂಪಿಗೆ ಸತ್ತ. ಬಾಗಿಲು ತೆರೆದು, ಲಿಫ್ಟು ಬಂದಿದೆಯೇ ಎಂದು ನೋಡದೆ ಹೊಂಡಕ್ಕೆ ಕಾಲಿಟ್ಟು ಸತ್ತ. ಬೇರೆ ಗ್ರಹವೊಂದರಲ್ಲಿ ನೀಲಿ ರಬ್ಬರಿನ ಜಂತು ಅವನನ್ನು ನುಂಗಿತು. ಬೆಳಕು ಸರಿ ಬರಲಿಲ್ಲವೆಂದು ಉಗುಳಿ ಮತ್ತೆ ನುಂಗಿತು. ಒಂದೇ ವಾರದಲ್ಲಿ ಸೋಮವಾರ ಪೋಪನ ಅಂಗರಕ್ಷಕನಾಗಿಯೂ ಗುರುವಾರ ಪೋಪನ ಹಂತಕನಾಗಿಯೂ ಸತ್ತು ಎರಡೂ ಕಡೆಯ ಗೌರವ ಉಳಿಸಿದ. ಇಂಥ ದಿಗ್ವಿಜಯ ಮಾಡಿದವರು ಚರಿತ್ರೆಯಲ್ಲಿ ಕಡಿಮೆ. ಮಾಡಿದವರೂ ಒಂದೇ ಸಲ ಸತ್ತಿದ್ದಾರೆ.

ಇವುಗಳಲ್ಲಿ ಹತ್ತೊಂಬತ್ತು ಸಾವುಗಳಿಗೆ ಬಣ್ಣ ಹಚ್ಚಿದವಳು ನಾನು. ನನ್ನ ಹೆಸರು ರೊಂಡಾ, ಕೆಲಸ ಮೇಕಪ್. ಸುಂದರಿಯರನ್ನು ಸುಂದರಿಯರನ್ನಾಗಿ ಮಾಡಲು ಬೇರೆಯವರಿದ್ದರು. ನನ್ನ ಪಾಲಿಗೆ ಗಾಯ, ಹುಣ್ಣು, ಹೆಣ. ವರ್ನನ್‌ನ ಮುಖ ಅವನ ಇಬ್ಬರು ಹೆಂಡಿರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವರಿಬ್ಬರೂ ಅದನ್ನು ನೋಡಲಾರದೆ ಬಿಟ್ಟುಹೋದವರು. ನನಗೆ ಅದರಿಂದಲೇ ಅನ್ನ.

ಅವನ ಹೆಚ್ಚುಗಾರಿಕೆ ಎರಡು. ಒಂದು, ಸತ್ತ ಮೇಲೆ ಎರಡು ನಿಮಿಷ ಉಸಿರಾಡದೆ, ಕಣ್ಣು ಮಿಟುಕಿಸದೆ ಮಲಗಬಲ್ಲ. ನೊಣ ಮೂಗಿನ ಮೇಲೆ ಕೂತು ಸುತ್ತ ನೋಡಿ ಬೇಜಾರಾಗಿ ಎದ್ದುಹೋದ ಶಾಟ್ ಒಂದಿದೆ. ಎರಡನೆಯದು ಅವನ ಕೆಮ್ಮು. ಟೀವಿಯಲ್ಲಿ ಯಾರೂ ಸುಮ್ಮನೆ ಕೆಮ್ಮುವುದಿಲ್ಲ. ಮೊದಲ ಭಾಗದಲ್ಲಿ ಕೆಮ್ಮಿದವನು ಕೊನೆಯ ಜಾಹೀರಾತು ಬರುವುದರೊಳಗೆ ಸಾಯಬೇಕು, ಅದು ನಮ್ಮ ಧರ್ಮಶಾಸ್ತ್ರ. ವರ್ನನ್ ಎರಡು ಸಲ ಕೆಮ್ಮುತ್ತಿದ್ದ, ನಿಲ್ಲಿಸುತ್ತಿದ್ದ, ಇನ್ನೇನು ವಾಸಿಯಾಯಿತು ಎಂದು ನೋಡುವವರು ನಂಬುವಷ್ಟು ಕಾಯುತ್ತಿದ್ದ, ಆಮೇಲೆ ಮೂರನೆಯದು. ಈ ಕೆಮ್ಮಿನ ಕಿರೀಟವೆಂದರೆ ಈಜುಕೊಳದ ಸಾವು. ಶ್ರೀಮಂತನ ವಕೀಲನಾಗಿ, ಕೈಯಲ್ಲಿ ಗ್ಲಾಸು ಹಿಡಿದು, ವಿಷದ ಸೀಗಡಿ ತಿಂದು, ಮೂರು ಸಲ ಕೆಮ್ಮಿ, ಅಂಗಡಿಯವನು ಮೋಸ ಮಾಡಿದನೋ ಎಂಬಂತೆ ಆಕಾಶ ನೋಡಿ ಕೊಳಕ್ಕೆ ಜಾರಿದ. ಎಲ್ಲ ಮುಳುಗಿದ ಮೇಲೂ ಕೈಯಲ್ಲಿನ ಗ್ಲಾಸು ನೀರಿನ ಮೇಲೆ ನೆಟ್ಟಗೆ ನಿಂತಿತ್ತು. ಕೊನೆಯಲ್ಲಿ ಮುಳುಗಿದ್ದು ಅದು. ಇಪ್ಪತ್ತು ವರ್ಷವಾದರೂ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತಾಗ ಯಾರಾದರೊಬ್ಬ ಮುದುಕಿ ಅವನನ್ನು ನೋಡಿ, “ನೀವು ತೀರಿಹೋದ್ರಲ್ಲಪ್ಪ?” ಎಂದು ಕೇಳುವುದಿತ್ತು. “ಹೌದಮ್ಮ, ಹಾಲು ಮುಗಿದಿತ್ತು, ಬಂದೆ,” ಎನ್ನುತ್ತಿದ್ದ.

ಈ ಕೀರ್ತಿಗೆ ಸೊಪ್ಪು ಹಾಕದವಳು ಅವನ ತಾಯಿಯೊಬ್ಬಳೇ. ನೆಬ್ರಾಸ್ಕಾದ ಮನೆಯಲ್ಲಿ ಮಗ ಪರದೆಯ ಮೇಲೆ ಬಂದಾಗ ಕುರ್ಚಿ ಎಳೆದುಕೊಂಡು ಟೀವಿಯ ಪಕ್ಕದಲ್ಲೇ ಕೂರುತ್ತಿದ್ದಳು. ಯಾರಾದರೂ ಬಂದೂಕು ತೆಗೆದರೆ, ಅಥವಾ ಮಗನ ಮುಂದೆ ತಟ್ಟೆ ಇಟ್ಟರೆ, ಟಕ್ಕನೆ ಟೀವಿ ಆರಿಸುತ್ತಿದ್ದಳು. ಆಕೆಯ ಪಾಲಿಗೆ ಅವನು ಒಂದು ಸಲವೂ ಸಾಯಲಿಲ್ಲ. ಆಕೆ ಒಂದು ಕತೆಯ ಕೊನೆಯನ್ನೂ ನೋಡಲಿಲ್ಲ. “ಪೂರ್ತಿ ನೋಡೋ ಹಾಗಿರೋದು ಒಂದು ಮಾಡೋ,” ಎಂದು ಪ್ರತಿ ಕ್ರಿಸ್‌ಮಸ್ಸಿಗೂ ಬರೆಯುತ್ತಿದ್ದಳು. ಬರೆಯುತ್ತಲೇ ತೀರಿಕೊಂಡಳು.

ಈಗ ಒಂದು ಗುರುವಾರದ ವಿಷಯ. ಹೆಣ ಕೊಯ್ದು ಕೊಲೆಗಾರನನ್ನು ಹುಡುಕುವ ಒಂದು ಧಾರಾವಾಹಿಗೆ ವರ್ನನ್ ಹೆಣವಾಗಿ ಬಂದಿದ್ದ, ನಲವತ್ತೊಂದನೆಯದು. ಬೆಳಿಗ್ಗೆ ಏಳಕ್ಕೆ ನನ್ನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಹೆಣಕ್ಕೆಂದೇ ನಾನು ಬೆರೆಸಿಟ್ಟುಕೊಂಡ ಒಂದು ಬಣ್ಣವಿದೆ, ಹಳೆಯ ಬೂದಿಗೆ ಸ್ವಲ್ಪ ಹಾಲು ಬಿದ್ದ ಹಾಗೆ. ಸ್ಪಂಜಿನಲ್ಲಿ ತೆಗೆದು ಕೆನ್ನೆಗೆ ಒಂದು ಗೀಟು ಎಳೆದೆ. ಗೀಟು ಕಾಣಲಿಲ್ಲ.

ಕನ್ನಡಕ ಒರೆಸಿಕೊಂಡು ಇನ್ನೊಂದು ಎಳೆದೆ. ಅದೂ ಕಾಣಲಿಲ್ಲ. ಎಲ್ಲಿ ಹಚ್ಚಿದ್ದೇನೆ, ಎಲ್ಲಿ ಹಚ್ಚಿಲ್ಲ ಎಂದು ನನ್ನ ಕೈಗೇ ತಿಳಿಯದಾಯಿತು. ಹತ್ತೊಂಬತ್ತು ಸಾವುಗಳಲ್ಲಿ ಹೀಗಾಗಿರಲಿಲ್ಲ. ಡಬ್ಬಿಯ ಬಣ್ಣವೂ ಅವನ ಚರ್ಮದ ಬಣ್ಣವೂ ಒಂದೇ ಆಗಿತ್ತು.

“ಯಾಕೆ ನಿಂತೆ?” ಎಂದ, ಕಣ್ಣು ಮುಚ್ಚಿಕೊಂಡೇ.

“ಹುಷಾರಾಗಿದ್ದೀಯ ತಾನೇ?”

“ಅದ್ಭುತವಾಗಿದ್ದೀನಿ.”

ಇದು ಉತ್ತರವಲ್ಲ, ನಮ್ಮೂರಿನ ಸಮವಸ್ತ್ರ. ಮೂಳೆ ಮುರಿದವನೂ ಮನೆ ಕಳೆದುಕೊಂಡವನೂ ಅದ್ಭುತವಾಗಿಯೇ ಇರುತ್ತಾರೆ. ಹುಷಾರಿಲ್ಲ ಎಂದು ಒಬ್ಬರ ಕಿವಿಗೆ ಬಿದ್ದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು, ಮರುದಿನ ಕೆಲಸದ ಫೋನ್ ಬರುವುದಿಲ್ಲ.

“ನಿನ್ನ ಮುಖಕ್ಕೆ ಬಣ್ಣ ಹತ್ತುತಾ ಇಲ್ಲ, ವರ್ನ್.”

“ಬಲ್ಬು ಸರಿಯಿಲ್ಲ. ಬೇರೆ ಹಾಕಿಸು.” ಅಷ್ಟು ಹೇಳಿ ಕೆಮ್ಮಿದ. ಒಂದು, ಎರಡು ಎಂದು ನಾನು ಅಭ್ಯಾಸಬಲದಿಂದ ಎಣಿಸಿದೆ. ನಡುವೆ ಬಿಡುವು ಬರಲಿಲ್ಲ. ಆರು ಆಯಿತು. ಬಾಯಿಗೆ ಹಿಡಿದಿದ್ದ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅದನ್ನು ಕೆಮ್ಮಿದ ಬದಿ ಕಾಣದಂತೆ ಒಳಮಡಿಕೆಯಾಗಿ ಮಡಿಸಿದ ರೀತಿ ನನಗೆ ಸರಿಬರಲಿಲ್ಲ.

ಮರುವಾರ ಅವನ ಏಜೆಂಟ್ ಗಿಟ್ಲಿನ್ ಫೋನ್ ಮಾಡಿದನಂತೆ. ವರ್ನನ್ ನೇರವಾಗಿ ನನ್ನ ಮನೆಗೆ ಬಂದ. ಮೂರು ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಂಡ. ಕೈಯಲ್ಲಿ ಒಂದು ಚಿತ್ರಕತೆ, ಎದೆಗವುಚಿಕೊಂಡಿದ್ದ.

“ರೊಂಡಾ, ಸಿನಿಮಾ. ಟೀವಿ ಅಲ್ಲ. ಮಿನ್ನೆಸೋಟದಲ್ಲಿ ಮೂರು ತಿಂಗಳು. ಸರೋವರದ ದಡದಲ್ಲಿ ಎರೆಹುಳು, ಗಾಳ ಮಾರೋ ಮುದುಕ. ಅರವತ್ತೆರಡು ಪುಟದಲ್ಲಿ ಮಾತಿದೆ ನಂಗೆ.”

“ಎಷ್ಟನೇ ಪುಟದಲ್ಲಿ ಸಾಯ್ತೀಯ?”

ಕೊನೆಯ ಪುಟ ತೆಗೆದು ತೋರಿಸಿದ. ಮುದುಕ ದೋಣಿಕಟ್ಟೆಯ ತುದಿಯಲ್ಲಿ ಕೂತಿದ್ದಾನೆ. ಬೆಳಕು ಬದಲಾಗುತ್ತದೆ. ಮುದುಕ ಕೂತೇ ಇದ್ದಾನೆ. ಮುಗಿಯಿತು.

“ಕೂತೇ ಇರ್ತೀನಿ ಕಣೇ,” ಎಂದ. “ಕೊನೇವರೆಗೂ. ಅಮ್ಮ ಇದ್ದಿದ್ರೆ ಟೀವಿ ಆರಿಸೋ ಹಾಗೇ ಇರಲಿಲ್ಲ.”

ಕಾಫಿ ಕೊಟ್ಟೆ. ಕುಡಿಯಲಿಲ್ಲ. ಆಮೇಲೆ ನಿಜವಾದ ವಿಷಯ ಹೊರಬಿತ್ತು. ಇಷ್ಟು ದೊಡ್ಡ ಪಾತ್ರ ಸಿಕ್ಕವರು ಷೂಟಿಂಗಿಗೆ ಮುಂಚೆ ವಿಮೆಯವರು ಹೇಳಿದ ಡಾಕ್ಟರ ಮುಂದೆ ನಿಲ್ಲಬೇಕು. ಅರ್ಧ ಚಿತ್ರವಾದ ಮೇಲೆ ನಟ ಕೈಕೊಟ್ಟರೆ ಎಂಬ ಭಯ ಅವರಿಗೆ. ನಲವತ್ತೊಂದು ಸಲ ಸಾಯುವಾಗ ಯಾರೂ ವರ್ನನ್‌ನ ನಾಡಿ ಹಿಡಿದಿರಲಿಲ್ಲ. ಒಂದು ಸಲ ಬದುಕಿರುವುದಕ್ಕೆ ಡಾಕ್ಟರ ಸಹಿ ಬೇಕಾಯಿತು.

“ಮಂಗಳವಾರ, ಗ್ಲೆಂಡೇಲಿನಲ್ಲಿ,” ಎಂದ. “ನೀನು ಬರಬೇಕು. ಡಬ್ಬಿ ತಗೊಂಡು.”

“ಯಾವ ಡಬ್ಬಿ?”

“ನಿನ್ನ ಹತ್ರ ಹೆಣದ್ದೊಂದೇನಾ ಇರೋದು?”

ಬೇರೆ ಕಸುಬಿನವರಾಗಿದ್ದರೆ ಅಲ್ಲೇ ಅವನ ಕಿವಿ ಹಿಂಡಿ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದರು. ಬಡಗಿಯ ಹೆಂಡತಿಗೂ ಅಷ್ಟು ಬುದ್ಧಿ ಇರುತ್ತದೆ. ಆದರೆ ನಾವು ಮುಖ ಸರಿಹೋದರೆ ಮನುಷ್ಯ ಸರಿಹೋದ ಎಂದು ನಂಬಿ ಬಾಳಿದವರು. ಒಂದು ದಿನವಲ್ಲ, ಮೂವತ್ತು ವರ್ಷ. ಮೂರು ತಿಂಗಳು ತಾನೇ, ಮುಗಿಸಿಕೊಂಡು ಬಂದ ಮೇಲೆ ತೋರಿಸಲಿ, ಎಂದು ನನಗೆ ನಾನೇ ಹೇಳಿಕೊಂಡೆ. “ಬಂದ ಮೇಲೆ ನಿಜವಾದ ಡಾಕ್ಟರ್ ಹತ್ರ ಹೋಗಬೇಕು, ಆಣೆ ಮಾಡು,” ಎಂದೆ. ಅವನು ಕೂಡಲೇ ಮಾಡಿದ. ಅಷ್ಟು ಸಲೀಸಾಗಿ ಮಾಡಿದ ಆಣೆ ಯಾವ ಚಿತ್ರಕತೆಯಲ್ಲೂ ನಾನು ಕಂಡಿಲ್ಲ.

ಮಂಗಳವಾರ ಗ್ಲೆಂಡೇಲಿನ ಕ್ಲಿನಿಕ್ಕಿನ ಎದುರು, ಬೇಕರಿಯ ಪಕ್ಕ ಕಾರು ನಿಲ್ಲಿಸಿದೆ. ಕಾಲರು ಕೊಳೆಯಾಗದಂತೆ ಟಿಶ್ಯೂ ಸಿಕ್ಕಿಸಿ ಕೆಲಸಕ್ಕಿಳಿದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನನ್ನ ಜೀವಮಾನದ ಶ್ರೇಷ್ಠ ಕೆಲಸ ಅದು. ಗಾಯ ಬರೆಯುವುದು ಸುಲಭ, ಎಲ್ಲರೂ ಗಾಯವನ್ನೇ ನೋಡುತ್ತಾರೆ. ಆರೋಗ್ಯ ಬರೆಯುವುದು ಕಷ್ಟ. ಅಲ್ಲಿ ಏನೂ ಕಾಣಬಾರದು. ಬೂದಿಯ ಮೇಲೆ ತೆಳ್ಳಗೆ ಕಿತ್ತಳೆ, ಅದರ ಮೇಲೆ ಬಿಸಿಲಿನ ಬಣ್ಣ, ಕೆನ್ನೆಯೊಳಗಿನಿಂದ ಬಂದಂತೆ ಒಂದಿಷ್ಟು ಕೆಂಪು. ಎಲ್ಲರೂ ಮರೆಯುವುದು ಕಿವಿಯ ತುದಿ. ನಾನು ಮರೆಯಲಿಲ್ಲ. ಉಗುರುಗಳು ನೀಲಿಗಟ್ಟಿದ್ದವು, ಒಂದೊಂದಕ್ಕೂ ನಸುಗುಲಾಬಿ ಬಳಿದೆ. ಕುತ್ತಿಗೆ, ಎದೆ, ಅಂಗಿಯ ಮೂರನೆಯ ಗುಂಡಿಯವರೆಗೆ. ಮುಗಿಸಿ ಹಿಂದೆ ಸರಿದು ನೋಡಿದರೆ, ವಾರಪೂರ್ತಿ ಮೀನು ಹಿಡಿದು ಬಂದ ಐವತ್ತರ ಗಂಡಸು ಕೂತಿದ್ದ.

ಕನ್ನಡಿ ನೋಡಿಕೊಂಡ. ಬಹಳ ಹೊತ್ತು.

“ಇವನು ಯಾರೋ ಚೆನ್ನಾಗಿದ್ದಾನೆ,” ಎಂದ. “ಇವನಿಗೆ ಮೊದಲೇ ಕೆಲಸ ಕೊಡಬಹುದಿತ್ತು.”

“ಕೆಮ್ಮು?”

“ಹತ್ತು ನಿಮಿಷ ತಡೀತೀನಿ. ನೊಣ ಕೂತಾಗಲೇ ಅಲ್ಲಾಡಿಲ್ಲ ನಾನು.”

ಡಾಕ್ಟರ್ ಕಾಸ್ಪರಿಯನ್ ಗುಂಡನೆಯ, ನಗುಮುಖದ, ಸಾಧು ಮನುಷ್ಯ. ನಾನು ಹೊರಗಿನ ಕೋಣೆಯಲ್ಲಿ ಹಳೆಯ ಪತ್ರಿಕೆ ಹಿಡಿದು ಕೂತೆ. ನಡುವಿನ ಬಾಗಿಲು ತೆಳು, ಎಲ್ಲ ಕೇಳುತ್ತಿತ್ತು. ವಯಸ್ಸು, ತೂಕ, ಸಿಗರೇಟು. “ಬಿಟ್ಟು ಹತ್ತು ವರ್ಷ ಆಯ್ತು,” ಎಂದ ವರ್ನನ್. ಬಿಟ್ಟಿದ್ದು ಹತ್ತು ನಿಮಿಷದ ಹಿಂದೆ, ಬೇಕರಿಯ ಮುಂದೆ. ರಕ್ತದೊತ್ತಡದ ಪಟ್ಟಿ ಉಬ್ಬಿ ಇಳಿಯಿತು. ಎದೆಗೆ ಸ್ಟೆತಾಸ್ಕೋಪ್ ಇಟ್ಟಿರಬೇಕು, ಸದ್ದಿಲ್ಲ. ನಾನೂ ಉಸಿರು ಬಿಗಿಹಿಡಿದಿದ್ದೆ.

ಆಗ ಡಾಕ್ಟರು, “ಒಂದು ನಿಮಿಷ,” ಎಂದರು.

ನಾನು ಪತ್ರಿಕೆ ಮಡಿಸಿ ಬಾಗಿಲ ಕಡೆ ಬಾಗಿದೆ.

“ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ನೀವು ಆ ಈಜುಕೊಳದೋರು. ಸೀಗಡಿ. ಗ್ಲಾಸು.”

“ನಾನೇ,” ಎಂದ ವರ್ನನ್.

“ಅಯ್ಯೋ, ಮೊದಲೇ ಹೇಳಬಾರದೇನ್ರಿ? ನನ್ನ ಹೆಂಡತಿಗೆ ಆ ಸಾವು ಅಂದ್ರೆ ಪ್ರಾಣ. ನೀವು ಇಲ್ಲಿಗೆ ಬಂದಿದ್ರಿ ಅಂದ್ರೆ ನಂಬೋದೇ ಇಲ್ಲ ಅವಳು.” ಸ್ಟೆತಾಸ್ಕೋಪ್ ಮೇಜಿನ ಮೇಲೆ ಬಿದ್ದ ಸದ್ದು. ಎದೆ ಪರೀಕ್ಷೆ ಅಷ್ಟಕ್ಕೇ ಮುಗಿಯಿತು. “ಒಂದು ಸಲ ಮಾಡಿ ತೋರಿಸ್ತೀರಾ? ಸಂಕೋಚ ಇಲ್ಲದಿದ್ರೆ. ತಗೊಳ್ಳಿ, ಈ ಲೋಟ ಹಿಡ್ಕೊಳ್ಳಿ.”

ಯಾವ ನಟ ತಾನೇ ಬೇಡ ಎನ್ನುತ್ತಾನೆ? ಸಹಿ ಹಾಕುವ ಕೈಯೇ ಚಪ್ಪಾಳೆಗೆ ಸಿದ್ಧವಾಗಿರುವಾಗ?

ಕುರ್ಚಿ ಸರಿಯಿತು. ಮೊದಲ ಕೆಮ್ಮು ಬಂತು. ಎರಡನೆಯದು. ಅವೆರಡೂ ಅವನವೇ, ಪಳಗಿದವು. ಬಿಡುವು ಬಂತು. ಮೂರನೆಯದನ್ನು ಅವನು ಕರೆದ, ಬಂದದ್ದು ಬೇರೆ. ಕಾಯುತ್ತಾ ಕೂತಿದ್ದ ಯಾವುದೋ ಪ್ರಾಣಿ ಬಾಗಿಲು ತೆರೆದದ್ದೇ ಸಾಕೆಂದು ನುಗ್ಗಿದ ಹಾಗೆ. ನಾಲ್ಕು, ಐದು. ಡಾಕ್ಟರು ನಗುತ್ತಿದ್ದರು. ಏಳು, ಎಂಟು. ಲೋಟ ಕೆಳಗೆ ಬಿದ್ದು ಒಡೆಯಿತು. ಈಜುಕೊಳದಲ್ಲಿ ಮುಳುಗುವಾಗಲೂ ಅವನು ಗ್ಲಾಸು ಬಿಟ್ಟವನಲ್ಲ. ಹನ್ನೊಂದು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಒಳಗೆ ಚಪ್ಪಾಳೆ. “ಟೀವಿಗಿಂತ ಚೆನ್ನಾಗಿದೆ. ಎಷ್ಟು ನಿಜ ಅನ್ನಿಸ್ತು ಗೊತ್ತಾ? ಇಲ್ಲಿ ಕೊಡಿ ಆ ಕಾಗದ.” ಪೆನ್ನಿನ ಮುಚ್ಚಳ ತೆಗೆದ ಸದ್ದು.

ನನ್ನ ಚೀಲದಲ್ಲಿ ಬಣ್ಣ ತೆಗೆಯುವ ಕೋಲ್ಡ್ ಕ್ರೀಮಿನ ಬಾಟಲಿ ಯಾವಾಗಲೂ ಇರುತ್ತದೆ. ಎದ್ದೆ. ಧೈರ್ಯದಿಂದ ಎದ್ದೆ ಎಂದು ಹೇಳಲಾರೆ. ಎದ್ದದ್ದು ಓಡಿಹೋಗುವುದಕ್ಕೋ ಒಳಗೆ ಹೋಗುವುದಕ್ಕೋ ಬಾಗಿಲು ತಳ್ಳುವವರೆಗೆ ನನಗೂ ಗೊತ್ತಿರಲಿಲ್ಲ. ವರ್ನನ್ ಮೇಜು ಹಿಡಿದು ನಿಂತು ನಮಸ್ಕರಿಸುತ್ತಿದ್ದ, ಪ್ರೇಕ್ಷಕರಿಗೆ ನಟರು ಬಾಗುವ ಹಾಗೆ. ಕೈಯಲ್ಲಿ ಕರವಸ್ತ್ರ, ಒಳಮಡಿಕೆ. ನನ್ನನ್ನು ನೋಡಿದ. ನನ್ನ ಕೈಯ ಬಾಟಲಿ ನೋಡಿದ.

“ಬೇಡ ಕಣೇ,” ಎಂದ ಮೆಲ್ಲಗೆ.

ಹಿಡಿ ತುಂಬ ಕ್ರೀಮ್ ತೆಗೆದು ಅವನ ಬಲಗೆನ್ನೆಗೆ ಬಳಿದು, ಟಿಶ್ಯೂವಿನಿಂದ ಕಿವಿಯಿಂದ ಮೂಗಿನವರೆಗೆ ಒಂದೇ ಸಲ ಒರೆಸಿದೆ.

ಡಾಕ್ಟರ ಪೆನ್ನು ಕಾಗದದ ಮೇಲೆ ನಿಂತಿತು. ಎದುರಿಗೆ ಎರಡು ಮುಖ. ಎಡಕ್ಕೆ ಮೀನು ಹಿಡಿಯುವ ಗಂಡಸು, ಬಲಕ್ಕೆ ನನ್ನ ಹೆಣದ ಡಬ್ಬಿಯ ಬಣ್ಣ. ಡಾಕ್ಟರ ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಾಯಿಯಿಂದ ಇಳಿದ ಮೇಲೂ ಕಣ್ಣಲ್ಲಿ ಸಿಕ್ಕಿಕೊಂಡಿತ್ತು.

“ಇದನ್ನ ಯಾರು ಮಾಡಿದ್ದು?” ಎಂದರು.

“ನಾನೇ. ಮೇಕಪ್ಪಿನವಳು.”

“ತುಂಬಾ ಚೆನ್ನಾಗಿ ಮಾಡಿದೀರಿ,” ಎಂದರು ಪಾಪ, ಇನ್ನೇನು ಹೇಳಬೇಕೋ ತಿಳಿಯದೆ. ಆಮೇಲೆ ಕೈಚಾಚಿ ವರ್ನನ್‌ನ ಮುಷ್ಟಿ ಬಿಡಿಸಿ ಕರವಸ್ತ್ರ ತೆಗೆದುಕೊಂಡು, ಮಡಿಕೆ ಬಿಚ್ಚಿ ನೋಡಿ, ಮತ್ತೆ ಹಾಗೇ ಮಡಿಸಿಟ್ಟರು. ಸ್ಟೆತಾಸ್ಕೋಪ್ ಹಾಕಿಕೊಂಡರು. “ಕೂತ್ಕೊಳ್ಳಿ, ಪ್ರೂಯಿಟ್. ಉದ್ದಕ್ಕೆ ಉಸಿರು ಎಳ್ಕೊಳ್ಳಿ. ಇನ್ನೊಂದ್ಸಲ. ಇನ್ನೊಂದ್ಸಲ.”

ಬರ್ಬ್ಯಾಂಕಿಗೆ ವಾಪಸು ಬರುವಾಗ ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ಇನ್ನರ್ಧ ಒರೆಸುತ್ತೇನೆ ಎಂದರೆ ಕೈ ತಳ್ಳಿದ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಹೆಂಗಸು ಅವನನ್ನು ನೋಡಿ ಗಾಜು ಏರಿಸಿಕೊಂಡಳು. ಮನೆಯ ಮುಂದೆ ಇಳಿಯುವಾಗ ಮಾತ್ರ ಬಾಯಿ ಬಿಟ್ಟ.

“ನಲವತ್ತೊಂದು ಜನ ನನ್ನ ಕೊಂದಿದಾರೆ, ರೊಂಡಾ. ಒಬ್ಬರ ಮೇಲೂ ನಂಗೆ ಬೇಜಾರಿಲ್ಲ. ನೀನು ನಲವತ್ತೆರಡನೆಯವಳು.” ಬಾಗಿಲು ಹಾಕಿದ. ಜೋರಾಗಿ ಹಾಕಲೂ ಶಕ್ತಿಯಿರಲಿಲ್ಲ. ನಾನೇ ಬಗ್ಗಿ ಇನ್ನೊಮ್ಮೆ ಹಾಕಿಕೊಂಡೆ.

ಎಕ್ಸ್‌ರೇಯಲ್ಲಿ ಬಲಗಡೆ ಅಕ್ರೋಟಿನಷ್ಟು ನೆರಳು ಕಂಡಿತಂತೆ. ಕ್ರಿಸ್‌ಮಸ್ಸಿನವರೆಗೆ ಬಿಟ್ಟಿದ್ದರೆ ತೆಗೆಯಲಾಗುತ್ತಿರಲಿಲ್ಲ ಎಂದರಂತೆ. ಕ್ರಿಸ್‌ಮಸ್ಸಿಗೆ ಅವನು ಮಿನ್ನೆಸೋಟದ ದೋಣಿಕಟ್ಟೆಯ ಮೇಲೆ ಕೂತಿರಬೇಕಿತ್ತು. ಶ್ವಾಸಕೋಶದ ಒಂದು ದೊಡ್ಡ ಭಾಗ ಕತ್ತರಿಸಿದರು. ಈ “ಅಂತೆ”ಗಳೆಲ್ಲ ಗಿಟ್ಲಿನ್ ಹೇಳಿ ತಿಳಿದದ್ದು. ಆಸ್ಪತ್ರೆಗೆ ಎರಡು ಸಲ ಹೋದೆ. ಎರಡು ಸಲವೂ ನರ್ಸ್ ಹೊರಬಂದು, ರೋಗಿ ನಿದ್ರೆ ಮಾಡುತ್ತಿದ್ದಾರೆ ಎಂದಳು. ಬಾಗಿಲ ಸಂದಿಯಿಂದ ನೋಡಿದೆ. ಕಣ್ಣು ಮುಚ್ಚಿ, ರೆಪ್ಪೆ ಅಲುಗದೆ, ಬಹಳ ಚೆನ್ನಾಗಿ ನಿದ್ರೆ ಮಾಡುತ್ತಿದ್ದ. ಅವನು ನಟಿಸುವಾಗ ನನಗೆ ತಿಳಿಯದೇ?

ಮುದುಕನ ಪಾತ್ರ ಬೇರೆಯವನಿಗೆ ಹೋಯಿತು. ಚಿತ್ರ ಬಂತು, ಹೋಯಿತು. ನಾನು ನೋಡಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಅದೇ ಹೆಣ ಕೊಯ್ಯುವ ಧಾರಾವಾಹಿಯ ದಿನದ ನಟರ ಪಟ್ಟಿ ಕೈಗೆ ಬಂತು. ಕೆಳಗಡೆ, ಕೊನೆಯ ಸಾಲು: ಹೆಣ, ವರ್ನನ್ ಪ್ರೂಯಿಟ್. ಏಳಕ್ಕೆ ಬಂದು ಕುರ್ಚಿಯಲ್ಲಿ ಕೂತ. ಸಣ್ಣಗಾಗಿದ್ದ; ಅಂಗಿ ಅವನನ್ನು ತೊಟ್ಟುಕೊಂಡ ಹಾಗಿತ್ತು. ಕಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ನನ್ನ ಕೈಯನ್ನೇ ಕಾಯುತ್ತಿದ್ದ.

ಡಬ್ಬಿ ತೆರೆದು ಕೆನ್ನೆಗೆ ಗೀಟು ಎಳೆದೆ. ಗೀಟು ಕಂಡಿತು. ಸುಣ್ಣದ ಗೆರೆಯ ಹಾಗೆ ಎದ್ದು ಕಂಡಿತು.

“ಬಲ್ಬು ಬದಲಾಯಿಸಿದ್ಯಾ?” ಎಂದ.

“ಹ್ಞೂಂ.”

“ಆ ಸಿನಿಮಾ ನೋಡಿದೆ. ಆ ಮುದುಕ ಕೊನೇಲಿ ತೀರಾ ಆರಾಮಾಗಿ ಕೂತಿದಾನೆ. ಬದುಕಿರೋರು ಹಾಗೆ ಕೂರಲ್ಲ.” ಕನ್ನಡಿಯಿಂದ ಕಣ್ಣು ತೆಗೆಯದೆ, “ಸೋಮವಾರ ಮತ್ತೆ ಸ್ಕ್ಯಾನ್ ಇದೆ. ಪ್ರತಿ ಮೂರು ತಿಂಗಳಿಗೆ. ಬರ್ತೀಯಾ? ಡಬ್ಬಿ ಬೇಡ,” ಎಂದ.

ಬರುತ್ತೇನೆ ಎಂದೆ. ಆ ದಿನ ಅವನ ಮುಖಕ್ಕೆ ಡಬ್ಬಿ ಅರ್ಧ ಖಾಲಿಯಾಯಿತು.

ಸೆಟ್ಟಿನಲ್ಲಿ ಉಕ್ಕಿನ ಮೇಜಿನ ಮೇಲೆ ಮಲಗಿಸಿ, ಎದೆಯವರೆಗೆ ಬಿಳಿ ಬಟ್ಟೆ ಹೊದಿಸಿದರು. ಬೆಳಕು ಬಿತ್ತು. ಡಾಕ್ಟರ ವೇಷದ ನಟಿ ಬಗ್ಗಿ ಮಾತು ಶುರುಮಾಡಿದಳು. ಇಪ್ಪತ್ತು ಸೆಕೆಂಡ್ ಆಗಿರಲಿಲ್ಲ.

“ಕಟ್. ಹೆಣ ಉಸಿರಾಡ್ತಾ ಇದೆ,” ಎಂದ ನಿರ್ದೇಶಕ. ಮೂವತ್ತೆರಡರವನು, ಈಜುಕೊಳದ ಸಾವು ಕಂಡವನಲ್ಲ.

ಎರಡನೆಯ ಸಲ ಹದಿನೆಂಟು ಸೆಕೆಂಡ್. ಮೂರನೆಯ ಸಲ ಹದಿನೈದು. ಎರಡು ನಿಮಿಷದ ಒಡೆಯ, ನೊಣವನ್ನು ಸೋಲಿಸಿದವನು, ಮೇಜಿನ ಮೇಲೆ ದಡಕ್ಕೆ ಬಿದ್ದ ಮೀನಿನ ಹಾಗೆ ಗಾಳಿ ಎಳೆದುಕೊಳ್ಳುತ್ತಿದ್ದ. ಸುತ್ತ ಇದ್ದವರು ಗಡಿಯಾರ ನೋಡಿಕೊಂಡರು. ನಿರ್ದೇಶಕ ಯೋಚಿಸಿ, ಮುಖ ಬೇಡ, ಬಟ್ಟೆ ಪೂರ್ತಿ ಎಳೆದು ಪಾದ ಮಾತ್ರ ತೆಗೆಯೋಣ ಎಂದು ತೀರ್ಮಾನಿಸಿದ.

ಬಟ್ಟೆ ಎಳೆಯಲು ಹೋದೆ. ಅವನು ಒಂದು ಕಣ್ಣು ತೆರೆದ.

“ಏನಂತೆ?”

“ಮುಖ ಬೇಡವಂತೆ.”

“ಯಾಕಂತೆ?”

“ತುಂಬಾ ಬದುಕಿದ್ದೀಯಂತೆ.”

ಅವನು ತೆರೆದ ಕಣ್ಣು ಮುಚ್ಚಿಕೊಂಡ. ಬಟ್ಟೆ ಎಳೆದೆ. ಅದು ಏರಿ ಇಳಿಯುತ್ತಿತ್ತು, ಏರಿ ಇಳಿಯುತ್ತಿತ್ತು. ನಾನು ಮೇಜಿನ ತುದಿಗೆ ಹೋಗಿ ಮೊಣಕಾಲೂರಿ ಅವನ ಪಾದಗಳಿಗೆ ಬೂದಿ ಬಣ್ಣ ಹಚ್ಚತೊಡಗಿದೆ. ಕಚಗುಳಿಯಾಗಿ ಹೆಬ್ಬೆರಳು ಅಲುಗಿತು.

“ಸುಮ್ನಿರೋ,” ಎಂದೆ.